ವಿಮಾನದ ಆಸನದಲ್ಲಿ ಗಾಳಿಚೀಲ

ಮಾಗಿದ ಮಾವಿನ ಹಣ್ಣು ಮರದಿಂದ ಕಲ್ಲುಚಪ್ಪಡಿಯ ಮೇಲೆ ಬಿದ್ದರೆ ಒಡೆದುಹೋಗುತ್ತದೆ. ಅದೇ ಕೊಂಬೆಯ ಅಂತಹುದೇ ಹಣ್ಣು ಹುಲ್ಲಿನ ರಾಶಿಯ ಮೇಲೆ ಬಿದ್ದರೆ ಗಾಯವಿಲ್ಲದೆ ನಮ್ಮ ಕೈಸೇರುತ್ತದೆ. ಎರಡು ಹಣ್ಣುಗಳೂ ಬಿದ್ದ ಎತ್ತರ ಒಂದೇ. ಕೆಳಗೆ ಮುಟ್ಟಿದಾಗಿನ ವೇಗವೂ ಒಂದೇ. ಆದರೂ ಒಂದಕ್ಕೆ ನಾಶ, ಇನ್ನೊಂದಕ್ಕೆ ಕ್ಷೇಮ. ಈ ಭೇದಕ್ಕೆ ಕಾರಣವೇನು? ಹಣ್ಣನ್ನು ಒಡೆದುದು ಅದರ ವೇಗವಲ್ಲ, ಆ ವೇಗವನ್ನು ಕಳೆದುಕೊಂಡ ಬಗೆ. ಕಲ್ಲಿನ ಮೇಲೆ ಅದು ಕೂದಲೆಳೆಯಷ್ಟು ದೂರದಲ್ಲಿ ನಿಲ್ಲಬೇಕಾಯಿತು. ಹುಲ್ಲಿನಲ್ಲಿ ಒಂದು ಗೇಣಿನಷ್ಟು ದೂರ ಇಳಿಯುತ್ತ ನಿಂತಿತು.

ಅಪಘಾತಕ್ಕೆ ಸಿಕ್ಕಿದ ವಿಮಾನದಲ್ಲಿ ಕುಳಿತ ಮನುಷ್ಯನ ಅಳಿವು ಉಳಿವುಗಳೂ ಅನೇಕ ವೇಳೆ ಇಂತಹ ಒಂದು ಗೇಣಿನ ಪ್ರಶ್ನೆಯೇ ಆಗಿರುತ್ತವೆ. ಆ ಗೇಣನ್ನು ಒದಗಿಸಿಕೊಡುವ ಉಪಕರಣವೇ ಗಾಳಿಚೀಲ, ಅಂದರೆ ಏರ್‌ಬ್ಯಾಗ್. ಮೋಟಾರು ಕಾರುಗಳಲ್ಲಿ ಇದು ನಮಗೆಲ್ಲ ಪರಿಚಿತವಾದುದು. ವಿಮಾನಗಳಲ್ಲಿಯೂ ಇದು ಇದೆ ಎಂಬುದನ್ನು ಬಲ್ಲವರು ಕಡಮೆ. ಅದು ಅಲ್ಲಿ ಏಕೆ ಬೇಕಾಯಿತು, ಹೇಗೆ ಕೆಲಸ ಮಾಡುತ್ತದೆ, ಅದರ ಮಿತಿಗಳೇನು ಎಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ.

ಬದುಕಬಹುದಾದ ಅಪಘಾತ

ವಿಮಾನವು ಅಪಘಾತಕ್ಕೆ ಈಡಾಯಿತೆಂದರೆ ಅದರೊಳಗಿದ್ದವರೆಲ್ಲರೂ ಸತ್ತಂತೆಯೇ ಎಂದು ಬಹುಮಂದಿ ಭಾವಿಸುತ್ತಾರೆ. ಇದು ಸರಿಯಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು ೧೯೮೩ರಿಂದ ೨೦೦೦ದವರೆಗಿನ ಅಲ್ಲಿನ ವಿಮಾನ ಕಂಪೆನಿಗಳ ಅಪಘಾತಗಳನ್ನೆಲ್ಲ ಲೆಕ್ಕಹಾಕಿ ನೋಡಿತು. ಆ ವಿಮಾನಗಳಲ್ಲಿದ್ದವರ ಪೈಕಿ ನೂರಕ್ಕೆ ೯೫ಕ್ಕಿಂತ ಹೆಚ್ಚು ಮಂದಿ ಬದುಕಿ ಉಳಿದಿದ್ದರು. ಆಕಾಶದಲ್ಲಿಯೇ ಚೂರಾಗುವ ಅಥವಾ ಪೂರ್ಣವೇಗದಲ್ಲಿ ಬೆಟ್ಟಕ್ಕೆ ಬಡಿಯುವ ವಿಮಾನಗಳು ಸುದ್ದಿಯಲ್ಲಿ ಹೆಚ್ಚು ಕಾಲ ನಿಲ್ಲುತ್ತವೆ. ಆದರೆ ಅನೇಕ ಅಪಘಾತಗಳು ಏರುವಾಗಲೋ ಇಳಿಯುವಾಗಲೋ ನೆಲದ ಸಮೀಪದಲ್ಲಿ, ತಕ್ಕಮಟ್ಟಿಗೆ ಕಡಮೆ ವೇಗದಲ್ಲಿ ನಡೆಯುತ್ತವೆ.

ಇಂತಹ ಒಂದು ಘಟನೆ ನಮ್ಮ ಬೆಂಗಳೂರಿನಲ್ಲಿಯೇ ನಡೆದಿದೆ. ೧೯೯೦ರ ಫೆಬ್ರವರಿ ೧೪ರಂದು ಮುಂಬಯಿಯಿಂದ ಬಂದ ಏರ್‌ಬಸ್ ಎ-೩೨೦ ವಿಮಾನವು ರನ್‌ವೇಯನ್ನು ತಲುಪುವ ಮೊದಲೇ ಗಾಲ್ಫ್ ಮೈದಾನದಲ್ಲಿ ನೆಲವನ್ನು ಮುಟ್ಟಿ, ಮುಂದಿನ ದಿಬ್ಬಕ್ಕೆ ಬಡಿದು, ಬೆಂಕಿಗೆ ತುತ್ತಾಯಿತು. ಒಳಗಿದ್ದ ೧೪೬ ಮಂದಿಯಲ್ಲಿ ೯೨ ಮಂದಿ ಮಡಿದರು. ೫೪ ಮಂದಿ ಉಳಿದರು. ಒಂದೇ ವಿಮಾನ, ಒಂದೇ ಆಘಾತ. ಆದರೂ ಕೆಲವರಿಗೆ ಮರಣ, ಕೆಲವರಿಗೆ ಜೀವದಾನ. ಅಪಘಾತದ ಅಧ್ಯಯನ ಮಾಡುವವರನ್ನು ಸದಾ ಕಾಡುವ ಪ್ರಶ್ನೆ ಇದು: ಉಳಿದವರ ಸಂಖ್ಯೆಯನ್ನು ಹೆಚ್ಚಿಸುವುದು ಹೇಗೆ?

ಇಲ್ಲಿ ಎರಡು ಶತ್ರುಗಳಿವೆ. ಮೊದಲನೆಯದು ಆಘಾತ, ಎರಡನೆಯದು ಅದರ ಬೆನ್ನಿಗೇ ಬರುವ ಬೆಂಕಿ ಮತ್ತು ಹೊಗೆ. ದೊಡ್ಡ ವಿಮಾನವೊಂದರ ಅರ್ಧದಷ್ಟು ಬಾಗಿಲುಗಳನ್ನು ಮಾತ್ರ ಬಳಸಿ, ಅದರಲ್ಲಿರುವವರೆಲ್ಲರೂ ೯೦ ಸೆಕೆಂಡುಗಳೊಳಗೆ ಹೊರಬೀಳಲು ಸಾಧ್ಯವೆಂದು ತಯಾರಕರು ತೋರಿಸಿಕೊಡಬೇಕೆಂಬ ನಿಯಮವಿದೆ. ಆದರೆ ಹೊರಬರಬೇಕಾದವನಿಗೆ ಮೊದಲು ಎಚ್ಚರವಿರಬೇಕು. ತಲೆಗೆ ಪೆಟ್ಟು ಬಿದ್ದು ಮೂರ್ಛೆಹೋದವನಿಗೆ ಬಾಗಿಲು ಎರಡೇ ಮಾರು ದೂರದಲ್ಲಿದ್ದರೂ ಏನು ಪ್ರಯೋಜನ? ಆಘಾತವು ಕೊಲ್ಲದೆ ಬಿಟ್ಟವನನ್ನು ಬೆಂಕಿ ಕೊಲ್ಲುತ್ತದೆ. ಆದುದರಿಂದ ವಿಮಾನದ ಗಾಳಿಚೀಲದ ನಿಜವಾದ ಗುರಿ ನೋವನ್ನು ತಗ್ಗಿಸುವುದಲ್ಲ. ಆ ೯೦ ಸೆಕೆಂಡುಗಳ ಕಾಲ ಮನುಷ್ಯನ ಪ್ರಜ್ಞೆಯನ್ನು ಉಳಿಸುವುದು.

ಎಷ್ಟು ಆಘಾತವನ್ನು ದೇಹ ತಾಳಬಲ್ಲದು?

ಮನುಷ್ಯದೇಹವು ನಾವು ಊಹಿಸುವಷ್ಟು ದುರ್ಬಲವಲ್ಲ. ಹ್ಯೂ ಡಿಹೇವನ್ ಎಂಬವನು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ವಿಮಾನ ನಡೆಸುವುದನ್ನು ಕಲಿಯುತ್ತಿದ್ದಾಗ ಅಪಘಾತಕ್ಕೆ ಸಿಕ್ಕಿ, ತೀವ್ರವಾದ ಗಾಯಗಳಾದರೂ ಬದುಕಿಕೊಂಡನು. ತಾನು ಉಳಿದುದು ಕೇವಲ ಅದೃಷ್ಟದಿಂದಲ್ಲ, ಅದಕ್ಕೆ ಭೌತಿಕ ಕಾರಣವಿರಬೇಕು ಎಂಬ ಯೋಚನೆ ಅವನನ್ನು ಬಿಡಲಿಲ್ಲ. ಐವತ್ತರಿಂದ ನೂರೈವತ್ತು ಅಡಿ ಎತ್ತರದಿಂದ ಬಿದ್ದೂ ಬದುಕಿದವರ ಪ್ರಸಂಗಗಳನ್ನು ಸಂಗ್ರಹಿಸಿ, ೧೯೪೨ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದನು. ಬಿದ್ದವರ ಕೆಳಗಿನ ವಸ್ತು ಕೆಲವು ಅಂಗುಲಗಳಷ್ಟು ತಗ್ಗಿದರೂ ಸಾಕು, ಆಘಾತವು ದೇಹದ ಮೇಲೆ ಹರಡಿಕೊಂಡರೂ ಸಾಕು, ಬದುಕುವ ಸಂಭವ ಬಹಳವಾಗಿ ಹೆಚ್ಚುತ್ತದೆ ಎಂಬುದು ಅದರ ಸಾರ.

ಇದನ್ನು ತನ್ನ ದೇಹದ ಮೇಲೆಯೇ ಪ್ರಯೋಗಿಸಿ ತೋರಿಸಿದವನು ಅಮೆರಿಕದ ವಾಯುಸೇನೆಯ ವೈದ್ಯ ಜಾನ್ ಪಾಲ್ ಸ್ಟ್ಯಾಪ್. ೧೯೫೪ರ ಡಿಸೆಂಬರ್ ೧೦ರಂದು ಅವನು ಹಳಿಗಳ ಮೇಲೆ ಓಡುವ ರಾಕೆಟ್ ಬಂಡಿಯಲ್ಲಿ ಪಟ್ಟಿಗಳಿಂದ ಬಿಗಿಸಿಕೊಂಡು ಕುಳಿತು, ಗಂಟೆಗೆ ಸುಮಾರು ೧೦೧೭ ಕಿಲೋಮೀಟರು ವೇಗವನ್ನು ಮುಟ್ಟಿದನು. ಬಂಡಿ ೧.೪ ಸೆಕೆಂಡುಗಳಲ್ಲಿ ನಿಂತಿತು. ಒಂದು ಕ್ಷಣ ಅವನ ದೇಹದ ಮೇಲಿನ ವೇಗಾಪಕರ್ಷವು ಗುರುತ್ವದ ೪೬ ಪಟ್ಟನ್ನು ಮೀರಿತ್ತು. (ವೇಗವು ಕುಗ್ಗುವ ದರಕ್ಕೆ ವೇಗಾಪಕರ್ಷವೆಂದು ಹೆಸರು, ಅದನ್ನು ಗುರುತ್ವಾಕರ್ಷಣದ ವೇಗೋತ್ಕರ್ಷವಾದ ೯.೮ ಮಾನದೊಡನೆ ಹೋಲಿಸಿ ಇಷ್ಟು ಪಟ್ಟು ಎಂದು ಹೇಳುವುದು ವಾಡಿಕೆ.) ಕಣ್ಣುಗಳಿಗೆ ರಕ್ತವೇರಿ, ಸ್ವಲ್ಪ ಕಾಲ ದೃಷ್ಟಿ ಹೋಗಿದ್ದರೂ ಸ್ಟ್ಯಾಪ್ ಬದುಕಿದನು. ಅವನನ್ನು ಉಳಿಸಿದುದು ದೇಹವನ್ನೆಲ್ಲ ಹಿಡಿದಿಟ್ಟ ಪಟ್ಟಿಗಳು.

ಆದರೆ ಸಾಮಾನ್ಯ ಪ್ರಯಾಣಿಕನಿಗೆ ಇರುವುದು ಸೊಂಟದ ಪಟ್ಟಿಯೊಂದೇ. ವಿಮಾನವು ಥಟ್ಟನೆ ನಿಂತಾಗ ಅವನ ಸೊಂಟವು ಆಸನದೊಡನೆ ನಿಲ್ಲುತ್ತದೆ. ಜಡತ್ವದ ನಿಯಮಕ್ಕೆ ಅನುಸಾರವಾಗಿ ಎದೆ ಮತ್ತು ತಲೆ ಮುಂದಕ್ಕೆ ಚಲಿಸುತ್ತಲೇ ಇರುತ್ತವೆ. ಕೀಲಿನ ಮೇಲೆ ಬಾಗಿಲು ತಿರುಗುವಂತೆ ಸೊಂಟದ ಸುತ್ತ ಮೇಲುದೇಹವು ತಿರುಗಿ, ತಲೆಯು ಮುಂದಿರುವುದನ್ನು ಹೋಗಿ ಬಡಿಯುತ್ತದೆ.

ಒಂದು ಲೆಕ್ಕ

೧೯೫೨ರಿಂದ ದೊಡ್ಡ ವಿಮಾನಗಳ ಆಸನಗಳು ಗುರುತ್ವದ ೯ ಪಟ್ಟು ಬಲವನ್ನು ತಾಳಿದರೆ ಸಾಕಾಗಿತ್ತು. ಅದೂ ನಿಧಾನವಾಗಿ ಎಳೆದು ನೋಡುವ ಪರೀಕ್ಷೆ. ೧೯೮೮ರಲ್ಲಿ ಅಮೆರಿಕದ ಫೆಡರಲ್ ವಿಮಾನಯಾನ ಆಡಳಿತವು ಹೊಸ ನಿಯಮವನ್ನು ತಂದಿತು. ಇದರಂತೆ ಆಸನದಲ್ಲಿ ಮನುಷ್ಯಾಕೃತಿಯ ಗೊಂಬೆಯನ್ನು ಕೂರಿಸಿ, ಸೆಕೆಂಡಿಗೆ ೧೩.೪ ಮೀಟರು, ಅಂದರೆ ಗಂಟೆಗೆ ಸುಮಾರು ೪೮ ಕಿಲೋಮೀಟರು ವೇಗವನ್ನು ಕ್ಷಣಮಾತ್ರದಲ್ಲಿ ಇಲ್ಲದಂತೆ ಮಾಡಬೇಕು. ವೇಗಾಪಕರ್ಷದ ಶಿಖರವು ಗುರುತ್ವದ ೧೬ ಪಟ್ಟನ್ನು ಮುಟ್ಟಬೇಕು. ಆಸನ ಕಿತ್ತುಬರಬಾರದು, ಗೊಂಬೆಯ ತಲೆಗೂ ಮಿತಿಮೀರಿದ ಪೆಟ್ಟಾಗಬಾರದು. ೨೦೦೯ರ ಅಕ್ಟೋಬರ್ ೨೭ರ ತರುವಾಯ ಅಲ್ಲಿನ ಕಂಪೆನಿಗಳಿಗಾಗಿ ತಯಾರಾಗುವ ಪ್ರಯಾಣಿಕ ವಿಮಾನಗಳಿಗೆಲ್ಲ ಈ ಬಗೆಯ ಆಸನಗಳು ಕಡ್ಡಾಯವಾದುವು.

ತಲೆಯ ಪೆಟ್ಟನ್ನು ಅಳೆಯುವುದು ಹೇಗೆ? ಇದಕ್ಕೆ ಶಿರೋಗಾಯದ ಸೂಚ್ಯಂಕವೆಂಬ ಒಂದು ಅಳತೆಯಿದೆ. ತಲೆಯ ಸರಾಸರಿ ವೇಗಾಪಕರ್ಷವನ್ನು ಗುರುತ್ವದ ಪಟ್ಟುಗಳಲ್ಲಿ ಬರೆದು, ಅದನ್ನು ಎರಡೂವರೆಯ ಘಾತಕ್ಕೆ ಏರಿಸಿ, ಪೆಟ್ಟಿನ ಅವಧಿಯ ಸೆಕೆಂಡುಗಳಿಂದ ಗುಣಿಸಬೇಕು. ಬಂದ ಸಂಖ್ಯೆ ೧೦೦೦ವನ್ನು ಮೀರಕೂಡದೆಂಬುದು ನಿಯಮ.

ಈಗ ವಿದ್ಯಾರ್ಥಿಗಳು ಕಾಗದ ಪೆನ್ಸಿಲುಗಳನ್ನು ತೆಗೆದುಕೊಳ್ಳಲಿ. ವೇಗದ ವರ್ಗವನ್ನು ನಿಲ್ಲುವ ದೂರದ ಎರಡರಷ್ಟರಿಂದ ಭಾಗಿಸಿದರೆ ವೇಗಾಪಕರ್ಷವು ದೊರೆಯುತ್ತದೆ ಎಂಬ ಸೂತ್ರವನ್ನು ನಾವು ಪ್ರೌಢಶಾಲೆಯಲ್ಲಿಯೇ ಕಲಿತಿದ್ದೇವೆ. ಲೆಕ್ಕವು ಸುಲಭವಾಗಲೆಂದು ವೇಗಾಪಕರ್ಷವು ಉದ್ದಕ್ಕೂ ಒಂದೇ ಸಮನಾಗಿದೆಯೆಂದು ಇಟ್ಟುಕೊಳ್ಳೋಣ. ಸೆಕೆಂಡಿಗೆ ೧೩.೪ ಮೀಟರು ವೇಗದಿಂದ ಬರುವ ತಲೆಯು ಗಟ್ಟಿಯಾದ ಗೋಡೆಯನ್ನು ಬಡಿದು ೨ ಸೆಂಟಿಮೀಟರಿನಲ್ಲಿ ನಿಂತಿತೆಂದು ಭಾವಿಸೋಣ. ೧೩.೪ರ ವರ್ಗ ಸುಮಾರು ೧೮೦, ಅದನ್ನು ೦.೦೪ರಿಂದ ಭಾಗಿಸಿದರೆ ಸುಮಾರು ೪೫೦೦, ಅಂದರೆ ಗುರುತ್ವದ ೪೫೮ ಪಟ್ಟು! ತಲೆಯ ದ್ರವ್ಯರಾಶಿ ೫ ಕಿಲೋಗ್ರಾಮಾದರೆ ಅದರ ಮೇಲಿನ ಬಲವು ಎರಡು ಸಾವಿರ ಕಿಲೋಗ್ರಾಮು ತೂಕವನ್ನು ಮೀರುತ್ತದೆ. ಪೆಟ್ಟಿನ ಅವಧಿ ಸೆಕೆಂಡಿನ ಸಾವಿರದ ಮೂರು ಭಾಗ. ಸೂಚ್ಯಂಕವು ಸುಮಾರು ೧೩,೪೦೦ ಆಗುತ್ತದೆ. ಇದು ಮಿತಿಯ ಹದಿಮೂರು ಪಟ್ಟಿಗಿಂತಲೂ ಹೆಚ್ಚು.

ಅದೇ ತಲೆ ಅದೇ ವೇಗದಲ್ಲಿ ಗಾಳಿಚೀಲದೊಳಕ್ಕೆ ಹೊಕ್ಕು ೩೦ ಸೆಂಟಿಮೀಟರು ದೂರದಲ್ಲಿ ನಿಂತರೆ? ವೇಗಾಪಕರ್ಷವು ಗುರುತ್ವದ ಸುಮಾರು ೩೦ ಪಟ್ಟು ಮಾತ್ರ. ಅವಧಿ ಸೆಕೆಂಡಿನ ಸಾವಿರದ ೪೫ ಭಾಗ. ಸೂಚ್ಯಂಕ ಸುಮಾರು ೨೩೦. ವೇಗವನ್ನು ನಾವು ಒಂದಿಷ್ಟೂ ಕಡಮೆ ಮಾಡಲಿಲ್ಲ. ಕಳೆಯಬೇಕಾದ ಸಂವೇಗವೂ ಅಷ್ಟೇ, ಚಲನಶಕ್ತಿಯೂ ಅಷ್ಟೇ. ಕೊಟ್ಟುದು ೨೮ ಸೆಂಟಿಮೀಟರು ದೂರವನ್ನು ಮಾತ್ರ. ಮರಣಕ್ಕೂ ಎಚ್ಚರದಿಂದ ಎದ್ದು ನಡೆಯುವುದಕ್ಕೂ ಇರುವ ಅಂತರ ಇಷ್ಟೇ.

ಚೀಲದ ಚರಿತ್ರೆ

ಗಾಳಿಚೀಲವು ಕಾರಿನಿಂದ ವಿಮಾನಕ್ಕೆ ಬಂದಿತೆಂದು ಹೇಳುವುದುಂಟು. ಆದರೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಆರ್ಥರ್ ಪ್ಯಾರಟ್ ಮತ್ತು ಹೆರಾಲ್ಡ್ ರೌಂಡ್ ಎಂಬ ಇಬ್ಬರು ದಂತವೈದ್ಯರು ೧೯೧೯ರಷ್ಟು ಹಿಂದೆಯೇ ಪೇಟೆಂಟ್ ಕೋರಿದ್ದ ಗಾಳಿ ತುಂಬಿದ ಮೆತ್ತೆಯು ವಿಮಾನ ಮತ್ತು ಇತರ ವಾಹನಗಳ ಗಟ್ಟಿ ಭಾಗಗಳನ್ನು ಮುಚ್ಚುವುದಕ್ಕಾಗಿಯೇ ಉದ್ದೇಶಿತವಾಗಿತ್ತು. ಬೇಕಾದಾಗ ಮಾತ್ರ ಥಟ್ಟನೆ ಉಬ್ಬುವ ಚೀಲದ ಕಲ್ಪನೆ ಬಂದುದು ಆಮೇಲೆ. ಅಮೆರಿಕದ ಜಾನ್ ಹೆಟ್ರಿಕ್ ೧೯೫೨ರಲ್ಲಿ ಕುಟುಂಬದೊಡನೆ ಕಾರಿನಲ್ಲಿ ಹೋಗುತ್ತಿದ್ದಾಗ, ಅಡ್ಡಬಂದ ಬಂಡೆಯನ್ನು ತಪ್ಪಿಸಲು ಹೋಗಿ ಕಾರನ್ನು ಹಳ್ಳಕ್ಕೆ ಇಳಿಸಬೇಕಾಯಿತು. ಆಗ ಮಗಳನ್ನು ರಕ್ಷಿಸಲು ಅವನೂ ಅವನ ಹೆಂಡತಿಯೂ ಕೈ ಅಡ್ಡಮಾಡಿದರು. ಕೈಗೆ ಬದಲು ಇನ್ನೇನನ್ನಾದರೂ ಅಡ್ಡ ಒಡ್ಡಲಾಗದೆ ಎಂದು ಯೋಚಿಸಿ, ೧೯೫೩ರಲ್ಲಿ ಅವನು ಗಾಳಿಚೀಲಕ್ಕೆ ಪೇಟೆಂಟ್ ಪಡೆದನು. ಅದೇ ವರ್ಷ ಜರ್ಮನಿಯ ವಾಲ್ಟರ್ ಲಿಂಡರರನಿಗೂ ಇಂತಹುದೇ ಪೇಟೆಂಟ್ ದೊರೆಯಿತು.

ವಿಮಾನಲೋಕದಲ್ಲಿ ಚೀಲವು ಮೊದಲು ವಿಚಿತ್ರ ರೂಪದಲ್ಲಿ ಕಾಣಿಸಿಕೊಂಡಿತು. ೧೯೬೪ರಲ್ಲಿ ಮೊದಲು ಹಾರಿದ ಎಫ್-೧೧೧ ಎಂಬ ಯುದ್ಧವಿಮಾನದಲ್ಲಿ ಚಾಲಕರಿಬ್ಬರು ಕುಳಿತ ಕೋಣೆಯೇ ಅಪಾಯದ ಸಮಯದಲ್ಲಿ ವಿಮಾನದಿಂದ ಬೇರ್ಪಟ್ಟು ಪ್ಯಾರಾಚೂಟಿನ ಸಹಾಯದಿಂದ ಇಳಿಯುತ್ತಿತ್ತು. ನೆಲದ ಪೆಟ್ಟನ್ನು ತಾಳಲು ಅದರ ತಳದಲ್ಲಿ ಗಾಳಿಚೀಲಗಳು ಉಬ್ಬಿಕೊಳ್ಳುತ್ತಿದ್ದುವು. ಅಮೆರಿಕದ ಸೇನೆಯ ಕೆಲವು ಹೆಲಿಕಾಪ್ಟರುಗಳಲ್ಲಿಯೂ ಚಾಲಕರ ಮುಂದೆ ಚೀಲಗಳನ್ನು ಅಳವಡಿಸಿದುದುಂಟು. ಸಾಮಾನ್ಯ ಪ್ರಯಾಣಿಕನ ಸೊಂಟದ ಪಟ್ಟಿಯಲ್ಲಿಯೇ ಚೀಲವನ್ನು ಅಡಗಿಸಿಡುವ ಏರ್ಪಾಟು ೨೦೦೧ರಿಂದ ಬಳಕೆಗೆ ಬಂದಿತು. ಇದನ್ನು ತಯಾರಿಸಿದುದು ಅಮೆರಿಕದ ಆಮ್‌ಸೇಫ್ ಎಂಬ ಸಂಸ್ಥೆ.

ಪಟ್ಟಿಯೊಳಗಿನ ಚೀಲ

ಪಟ್ಟಿಯಲ್ಲಿಯೇ ಏಕೆ? ಕಾರಿನಲ್ಲಿ ಚೀಲವು ಚಾಲನಚಕ್ರದ ನಡುವೆಯೋ ಮುಂದಿನ ಫಲಕದಲ್ಲಿಯೋ ಇರುತ್ತದೆ. ವಿಮಾನದ ಪ್ರಯಾಣಿಕನ ಮುಂದೆ ಅಂತಹ ನಿಶ್ಚಿತ ಸ್ಥಾನವಿಲ್ಲ. ಮನುಷ್ಯನಿಗೆ ಸದಾ ಅಂಟಿಕೊಂಡಿರುವ ವಸ್ತುವೆಂದರೆ ಅವನ ಪಟ್ಟಿಯೇ. ಚೀಲವು ಅಲ್ಲಿಂದ ಹೊರಟು, ದೇಹದ ಕಡೆಗಲ್ಲದೆ ಮುಂದಕ್ಕೂ ಮೇಲಕ್ಕೂ ಉಬ್ಬಿ, ತಲೆಗೂ ಎದುರಿನ ಗೋಡೆಗೂ ನಡುವೆ ಬಂದು ನಿಲ್ಲುತ್ತದೆ.

ಈ ಏರ್ಪಾಟಿನಲ್ಲಿ ಮೂರು ಮುಖ್ಯ ಅಂಗಗಳಿವೆ. ಮೊದಲನೆಯದು ಆಘಾತವನ್ನು ಗುರುತಿಸುವ ಸಂವೇದಕ. ಎರಡನೆಯದು ಒತ್ತಡದಲ್ಲಿ ಹೀಲಿಯಂ ಅನಿಲವನ್ನು ತುಂಬಿಟ್ಟ ಸಣ್ಣ ಸಿಲಿಂಡರು. ಮೂರನೆಯದು ಪಟ್ಟಿಯೊಳಗೆ ಮಡಿಸಿಟ್ಟ ಚೀಲ. ಸಂವೇದಕಕ್ಕೆ ತನ್ನದೇ ಆದ ಬ್ಯಾಟರಿಯಿದೆ; ಅಪಘಾತದಲ್ಲಿ ವಿಮಾನದ ವಿದ್ಯುತ್ತು ಕಡಿದುಹೋದರೂ ಅದು ಕೆಲಸ ಮಾಡಬೇಕಷ್ಟೆ. ಪಟ್ಟಿಯ ಕೊಂಡಿಯನ್ನು ಹಾಕಿದಾಗ ಮಾತ್ರ ಮಂಡಲವು ಪೂರ್ಣವಾಗುತ್ತದೆ. ಪಟ್ಟಿ ಹಾಕಿಕೊಳ್ಳದವನಿಗೆ ಚೀಲವೂ ಇಲ್ಲ.

ಸಂವೇದಕದ ಕೆಲಸ ಸುಲಭವಾದುದಲ್ಲ. ಹಿಂದೆ ಕುಳಿತವನು ಆಸನವನ್ನು ಒದೆಯಬಹುದು; ಪೆಟ್ಟಿಗೆಯೊಂದು ತಗುಲಬಹುದು; ವಿಮಾನವು ಬಿರುಸಾಗಿ ಇಳಿಯಬಹುದು; ಗಾಳಿಯ ಕ್ಷೋಭೆಗೆ ಸಿಕ್ಕಿ ಕುಲುಕಾಡಬಹುದು. ಇವಾವುವಕ್ಕೂ ಚೀಲವು ಉಬ್ಬಬಾರದು. ಒದೆತದಲ್ಲಿಯೂ ಒಂದು ಕ್ಷಣ ವೇಗೋತ್ಕರ್ಷವು ಬಹಳ ದೊಡ್ಡದಾಗಬಹುದು. ಆದರೆ ಅದರ ಅವಧಿ ಅತ್ಯಲ್ಪ. ಅಪಘಾತದಲ್ಲಿ ವೇಗಾಪಕರ್ಷವು ದೊಡ್ಡದೂ ಹೌದು, ದೀರ್ಘವೂ ಹೌದು. ವೇಗಾಪಕರ್ಷವನ್ನು ಕಾಲದೊಡನೆ ಗ್ರಾಫಿನಲ್ಲಿ ಬಿಡಿಸಿದರೆ, ರೇಖೆಯ ಕೆಳಗಿನ ವಿಸ್ತೀರ್ಣವೇ ವೇಗದ ಬದಲಾವಣೆ ಎಂಬುದು ಕಾಲೇಜು ವಿದ್ಯಾರ್ಥಿಗಳಿಗೆ ತಿಳಿದ ವಿಷಯ. ಶಿಖರದ ಎತ್ತರವನ್ನಷ್ಟೇ ಅಲ್ಲ, ಈ ವಿಸ್ತೀರ್ಣವನ್ನೂ ಗಮನಿಸಿದರೆ ಒದೆತವನ್ನೂ ಅಪಘಾತವನ್ನೂ ಬೇರ್ಪಡಿಸಬಹುದು.

ಹೀಲಿಯಂ ಏಕೆ? ಕಾರಿನ ಚೀಲಗಳಲ್ಲಿ ಬಹುಕಾಲ ಸೋಡಿಯಂ ಅಜೈಡ್ ಎಂಬ ರಾಸಾಯನಿಕವನ್ನು ಉರಿಸಿ ನೈಟ್ರೊಜನ್ ಅನಿಲವನ್ನು ಉತ್ಪತ್ತಿಮಾಡುತ್ತಿದ್ದರು. ಅದರಿಂದ ಬರುವುದು ಬಿಸಿ ಅನಿಲ. ಹೀಲಿಯಂ ಉರಿಯುವುದಿಲ್ಲ, ವಿಷವೂ ಅಲ್ಲ. ಇನ್ನೊಂದು ಸೊಗಸಾದ ಕಾರಣವನ್ನು ಭೌತವಿಜ್ಞಾನವು ಒದಗಿಸುತ್ತದೆ. ಒತ್ತಡದ ಅನಿಲವು ಕಿರಿದಾದ ಬಾಯಿಯಿಂದ ಹೊರನುಗ್ಗುವಾಗ, ಆ ಬಾಯಿಯಲ್ಲಿ ಅದರ ವೇಗವು ಆ ಅನಿಲದಲ್ಲಿ ಶಬ್ದದ ವೇಗವನ್ನು ಮೀರಲಾರದು. ವಾಯುವಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು ೩೪೦ ಮೀಟರು. ಹಗುರವಾದ ಹೀಲಿಯಮಿನಲ್ಲಿ ಅದು ಹೆಚ್ಚು ಕಡಮೆ ಅದರ ಮೂರರಷ್ಟು. ಎಲ್ಲವೂ ಸೆಕೆಂಡಿನ ಹತ್ತರಲ್ಲಿ ಒಂದು ಭಾಗದೊಳಗೆ ಮುಗಿಯಬೇಕಾದಲ್ಲಿ ಈ ಚುರುಕುತನಕ್ಕೆ ಬೆಲೆಯಿದೆ.

ಚೀಲವು ಉಬ್ಬಿದರಷ್ಟೇ ಸಾಲದು, ಸರಿಯಾಗಿ ಕುಗ್ಗಬೇಕು. ಬಾಯಿ ಬಿಗಿದ ರಬ್ಬರು ಚೆಂಡಿನ ಮೇಲೆ ಬಿದ್ದದ್ದು ಹಿಂದಕ್ಕೆ ಪುಟಿಯುತ್ತದೆ. ತಲೆಯೂ ಹಾಗೆ ಪುಟಿದರೆ ಕುತ್ತಿಗೆಗೆ ಅಪಾಯ. ತಲೆಯು ಒತ್ತಿದಂತೆ ಅನಿಲವು ಸೋರಿಹೋಗುತ್ತಿದ್ದರೆ, ಚಲನಶಕ್ತಿಯು ಆ ಅನಿಲವನ್ನು ಹೊರದೂಡುವುದರಲ್ಲಿ ವ್ಯಯವಾಗುತ್ತದೆ, ಹಿಂದಿರುಗಿ ಬರುವುದಿಲ್ಲ. ಮತ್ತೆ, ಕೆಲವೇ ಸೆಕೆಂಡುಗಳಲ್ಲಿ ಚೀಲವು ಬಳುಕಿ ಬಿದ್ದು, ಪ್ರಯಾಣಿಕನು ಏಳಲು ದಾರಿಬಿಡಬೇಕು. ಹೊರಹೋಗುವುದಕ್ಕೆ ಅಡ್ಡಿಯಾಗುವ ಚೀಲದಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು.

ಎಲ್ಲ ಆಸನಗಳಿಗೂ ಏಕಿಲ್ಲ?

ವಾಚಕರು ಇಲ್ಲಿ ಒಂದು ಪ್ರಶ್ನೆಯನ್ನು ಕೇಳಬಹುದು: ಇಷ್ಟು ಉಪಯುಕ್ತವಾದ ವಸ್ತು ಪ್ರತಿಯೊಂದು ಆಸನದಲ್ಲಿಯೂ ಏಕಿಲ್ಲ? ಸಾಲುಸಾಲಾಗಿ ಹತ್ತಿರ ಹತ್ತಿರ ಇರುವ ಆಸನಗಳಲ್ಲಿ ತಲೆಯು ಬಡಿಯುವುದು ಮುಂದಿನ ಆಸನದ ಬೆನ್ನಿಗೆ. ಆ ಬೆನ್ನು ಬಾಗುವಂತೆ, ಮುಂದಕ್ಕೆ ಮಡಿಯುವಂತೆ ರಚಿತವಾಗಿದ್ದರೆ ಬೇಕಾದ ದೂರವನ್ನು ಅದೇ ಒದಗಿಸುತ್ತದೆ. ಕಷ್ಟವಿರುವುದು ಎದುರಿಗೆ ಗಟ್ಟಿ ಗೋಡೆಯಿರುವ ಮೊದಲ ಸಾಲಿನಲ್ಲಿ, ಮತ್ತು ದುಬಾರಿ ದರ್ಜೆಗಳಲ್ಲಿ ಓರೆಯಾಗಿ ಜೋಡಿಸಿದ ಆಸನಗಳಲ್ಲಿ. ಚೀಲಗಳನ್ನು ನಾವು ಹೆಚ್ಚಾಗಿ ಕಾಣುವುದೂ ಅಲ್ಲಿಯೇ. ಸೊಂಟದ ಪಟ್ಟಿ ಎಂದಿಗಿಂತ ದಪ್ಪವಾಗಿದ್ದರೆ ಒಳಗೆ ಚೀಲವಿರುವ ಸಂಭವವುಂಟು.

ಸಣ್ಣ ವಿಮಾನಗಳ ವಿಚಾರವಾಗಿ ಅಮೆರಿಕದ ಅದೇ ಸುರಕ್ಷತಾ ಮಂಡಳಿಯು ೨೦೧೧ರಲ್ಲಿ ಒಂದು ಅಧ್ಯಯನವನ್ನು ಮುಗಿಸಿತು. ಎದುರಿನಿಂದ ಪೆಟ್ಟುಬೀಳುವ, ತೀವ್ರವಾದರೂ ಬದುಕಬಹುದಾದ ಅಪಘಾತಗಳಲ್ಲಿ ಚೀಲವು ಗಾಯಗಳನ್ನು ತಗ್ಗಿಸಬಲ್ಲದು ಎಂಬುದು ಅದರ ನಿರ್ಣಯ. ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿಯೂ ಹೊರಬಿದ್ದಿತು. ಸೊಂಟದ ಪಟ್ಟಿಯ ಜೊತೆಗೆ ಭುಜದ ಪಟ್ಟಿಯನ್ನೂ ಹಾಕಿಕೊಂಡವರಿಗಿಂತ, ಸೊಂಟದ ಪಟ್ಟಿಯೊಂದನ್ನೇ ಹಾಕಿಕೊಂಡವರಿಗೆ ಸಾವಿನ ಅಥವಾ ತೀವ್ರ ಗಾಯದ ಅಪಾಯವು ಸುಮಾರು ಒಂದೂವರೆ ಪಟ್ಟು ಇತ್ತು. ಅಂದರೆ ಹಳೆಯ, ಸರಳವಾದ ಪಟ್ಟಿಯ ಮಹತ್ವವನ್ನು ಹೊಸ ಚೀಲವು ಕಿತ್ತುಕೊಂಡಿಲ್ಲ.

ಚೀಲಕ್ಕೆ ಮಿತಿಗಳೂ ಇವೆ. ವಿಮಾನದ ಒಡಲೇ ನುಜ್ಜುಗುಜ್ಜಾಗಿ ಕುಳಿತುಕೊಳ್ಳುವ ಸ್ಥಳವೇ ಉಳಿಯದಿದ್ದಲ್ಲಿ ಅದು ನಿರುಪಯುಕ್ತ. ನೂರಾರು ಕಿಲೋಮೀಟರು ವೇಗವನ್ನು ಕೆಲವೇ ಅಡಿಗಳಲ್ಲಿ ಕಳೆಯಬೇಕಾಗಿ ಬಂದಾಗ ಒಂದು ಗೇಣು ದೂರದಿಂದ ಏನೂ ಆಗದು. ಬೆಂಕಿಯನ್ನಂತೂ ಅದು ಆರಿಸಲಾರದು. ಮನುಷ್ಯನು ಬೆಂಕಿಯಿಂದ ಓಡಿಹೋಗಲು ಎಚ್ಚರವಾಗಿರುವಂತೆ ಮಾಡುವುದಷ್ಟೇ ಅದರ ಸಾಮರ್ಥ್ಯ.

ಚೀಲವಿಲ್ಲದ ಆಸನದಲ್ಲಿ ಕುಳಿತವರು ನಿರಾಶರಾಗಬೇಕಾಗಿಲ್ಲ. ೧೯೮೯ರ ಜನವರಿ ೮ರಂದು ಇಂಗ್ಲೆಂಡಿನ ಕೆಗ್‌ವರ್ತ್ ಎಂಬಲ್ಲಿ ಬೋಯಿಂಗ್ ೭೩೭ ವಿಮಾನವೊಂದು ಹೆದ್ದಾರಿಯ ಪಕ್ಕದ ಏರಿಗೆ ಬಡಿಯಿತು. ೧೨೬ ಮಂದಿಯಲ್ಲಿ ೪೭ ಮಂದಿ ಮಡಿದರು, ೭೯ ಮಂದಿ ಉಳಿದರು. ಉಳಿದವರ ಗಾಯಗಳನ್ನು ವೈದ್ಯರೂ ಎಂಜಿನಿಯರರೂ ಸೇರಿ ಪರಿಶೀಲಿಸಿದುದರ ಫಲವಾಗಿ, ಅಪಾಯದ ಸಮಯದಲ್ಲಿ ಮುಂದಕ್ಕೆ ಬಾಗಿ ಕುಳಿತುಕೊಳ್ಳುವ ಭಂಗಿಯನ್ನು ತಿದ್ದಿ ರೂಪಿಸಿದರು. ತಲೆಯನ್ನು ಮೊದಲೇ ಮುಂದಿನ ಆಸನಕ್ಕೆ ತಾಗಿಸಿಟ್ಟರೆ ಅದು ಬೀಸಿಬಂದು ಬಡಿಯುವ ಪ್ರಶ್ನೆಯೇ ಬರುವುದಿಲ್ಲ. ಪಟ್ಟಿಯನ್ನು ಹೊಟ್ಟೆಯ ಮೇಲಲ್ಲದೆ ಸೊಂಟದ ಮೂಳೆಯ ಮೇಲೆ, ತಗ್ಗಿನಲ್ಲಿ, ಬಿಗಿಯಾಗಿ ಕಟ್ಟಿಕೊಂಡರೆ ದೇಹವು ವಿಮಾನದೊಡನೆಯೇ ನಿಧಾನಿಸುತ್ತದೆ. ವಿಮಾನದ ಒಡಲು ನುಗ್ಗಾಗುತ್ತ ಒದಗಿಸುವ ದೂರವೂ ನಮಗೆ ದಕ್ಕುತ್ತದೆ. ವಿಮಾನದ ಪರಿಚಾರಕಿ ಹಾರಾಟಕ್ಕೆ ಮುಂಚೆ ಪ್ರತಿಸಲವೂ ತೋರಿಸುವುದನ್ನು ನಾವು ಉದಾಸೀನದಿಂದ ನೋಡದೆ ಬಿಡುತ್ತೇವೆ. ಅವಳು ಹೇಳುತ್ತಿರುವುದು ನ್ಯೂಟನ್ನನ ಮೊದಲನೆಯ ನಿಯಮವನ್ನೇ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಅಭ್ಯಾಸ. ಮೇಲಿನ ಲೆಕ್ಕದಲ್ಲಿ ತಲೆಯು ೩೦ ಸೆಂಟಿಮೀಟರಿಗೆ ಬದಲು ೧೫ ಸೆಂಟಿಮೀಟರಿನಲ್ಲಿ ನಿಂತರೆ ಸೂಚ್ಯಂಕವೆಷ್ಟು? ೧೦ ಸೆಂಟಿಮೀಟರಿನಲ್ಲಿ ನಿಂತರೆ ಎಷ್ಟು? ೧೦೦೦ದ ಗೆರೆಯನ್ನು ಅದು ದಾಟುವುದೆಲ್ಲಿ? ಉತ್ತರವನ್ನು ನಾವು ಹೇಳುವುದಿಲ್ಲ. ನೀವೇ ಲೆಕ್ಕಮಾಡಿ ನೋಡಿರಿ. ಬೆರಳೆರಡರ ಅಗಲದಷ್ಟು ದೂರಕ್ಕಾಗಿ ಎಂಜಿನಿಯರುಗಳು ವರ್ಷಗಟ್ಟಲೆ ಶ್ರಮಿಸುವುದೇಕೆಂಬುದು ಆಗ ತಾನಾಗಿಯೇ ಮನದಟ್ಟಾಗುತ್ತದೆ.